ಪೊರೆ ಶಸ್ತ್ರಚಿಕಿತ್ಸೆಯ ನಂತರ ಕಣ್ಣಂಚಿನಲ್ಲಿ ಉಳಿಯುವ ನೆರಳು: ಎರಡನೆಯ ಲೆನ್ಸ್‌ವರೆಗಿನ ದಾರಿ

ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಬಿಚ್ಚಿದ ದಿನ, ಎದುರಿನ ಗೋಡೆ ಇಷ್ಟು ಬೆಳ್ಳಗಿತ್ತೇ ಎಂದು ಬೆರಗಾಗುವ ಹೊತ್ತಿಗೇ ಕೆಲವರಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಶಸ್ತ್ರಚಿಕಿತ್ಸೆಯಾದ ಕಣ್ಣಿನ ಕಿವಿಯ ಕಡೆಯ ಅಂಚಿನಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದ ಒಂದು ಕಪ್ಪು ನೆರಳು ನಿಂತಿರುತ್ತದೆ. ಯಾರೋ ಪಕ್ಕಕ್ಕೆ ಬಂದು ನಿಂತರೇನೋ ಎಂದು ತಿರುಗಿದರೆ ಅಲ್ಲಿ ಯಾರೂ ಇರುವುದಿಲ್ಲ. ಬಂಡಿಯ ಕುದುರೆಗೆ ಕಟ್ಟುವ ಕಣ್ಣಪಟ್ಟಿಯನ್ನು ತಮಗೂ ಕಟ್ಟಿದಂತಿದೆ ಎಂದು ಹೇಳುವವರು ಬಹಳ. ತಪಾಸಣೆಗೆ ಹೋದರೆ ಫಲಕದ ಕೊನೆಯ ಸಾಲನ್ನೂ ತಡವರಿಸದೆ ಓದುತ್ತಾರೆ, ಲೆನ್ಸ್ ನೆಟ್ಟಗೆ ಕೂತಿರುತ್ತದೆ, ಗಾಯ ಮಾಗಿರುತ್ತದೆ, ಹಾಗಾಗಿ ವೈದ್ಯರಿಂದ ಸಿಗುವ ಉತ್ತರ 'ಎಲ್ಲ ಚೆನ್ನಾಗಿದೆ' ಎಂಬುದೇ.

ಎಲ್ಲ ಚೆನ್ನಾಗಿರುವುದೂ ನಿಜ, ನೆರಳು ಕಾಣುವುದೂ ನಿಜ. ಈ ತೊಂದರೆಗೆ ವೈದ್ಯಕೀಯದಲ್ಲಿ ನೆಗೆಟಿವ್ ಡಿಸ್ಫೋಟಾಪ್ಸಿಯಾ ಎಂದು ಹೆಸರು. ಅಮೆರಿಕದ ನೇತ್ರತಜ್ಞ ಜೇಮ್ಸ್ ಡೇವಿಸನ್ 2000ದಲ್ಲಿ ಇದನ್ನು ವಿವರಿಸಿ ಬರೆದ ಮೇಲೆ ಇದಕ್ಕೆ ಒಂದು ಗುರುತು ಸಿಕ್ಕಿತು. ಯಾವ ತಪ್ಪೂ ಆಗದ, ಅಚ್ಚುಕಟ್ಟಾಗಿ ನಡೆದ ಶಸ್ತ್ರಚಿಕಿತ್ಸೆಯ ನಂತರವೇ ಇದು ಕಾಣಿಸಿಕೊಳ್ಳುತ್ತದೆ ಎಂಬುದು ಇದರ ವಿಚಿತ್ರ. ಬಹುಪಾಲು ಜನರಲ್ಲಿ ಇದು ತಾನಾಗಿಯೇ ಮರೆಯಾಗುತ್ತದೆ. ಮರೆಯಾಗದೆ ಉಳಿದ ಕೆಲವರಿಗೆ ಇರುವ ಪರಿಹಾರಗಳಲ್ಲಿ, ಮೊದಲ ಲೆನ್ಸನ್ನು ಮುಟ್ಟದೆ ಅದರ ಮುಂದೆ ಇನ್ನೊಂದು ತೆಳು ಲೆನ್ಸ್ ಇರಿಸುವುದೂ ಒಂದು. ಆ ತೀರ್ಮಾನಕ್ಕೆ ಬರುವ ಮೊದಲು ಏನೇನು ಆಗಬೇಕು, ಯಾವ ಕ್ರಮದಲ್ಲಿ ಆಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದು ನಿಮ್ಮ ನೇತ್ರತಜ್ಞರೊಂದಿಗೆ ಕೂತು ಮಾತಾಡಲು ಬೇಕಾದ ತಿಳಿವಳಿಕೆಯೇ ಹೊರತು ಅವರ ಸಲಹೆಗೆ ಬದಲಿಯಲ್ಲ.

ಮೊದಲ ಹೆಜ್ಜೆ: ಇದು ಯಾವ ನೆರಳು ಎಂದು ತಿಳಿದುಕೊಳ್ಳಿ

ಕಣ್ಣಂಚಿನ ಕಪ್ಪೆಲ್ಲ ಒಂದೇ ಅಲ್ಲ. ಅವುಗಳಲ್ಲಿ ಒಂದು ತುರ್ತಿನದು. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲ ತನ್ನ ಜಾಗದಿಂದ ಕಳಚಿಕೊಳ್ಳತೊಡಗಿದಾಗಲೂ ನೋಟದ ಅಂಚಿನಲ್ಲಿ ಕಪ್ಪು ಕಾಣುತ್ತದೆ, ಮತ್ತು ಪೊರೆ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಆ ಅಪಾಯ ಉಳಿದವರಿಗಿಂತ ತುಸು ಹೆಚ್ಚು. ಆದರೆ ಆ ಕಪ್ಪು ನಿಂತಲ್ಲಿ ನಿಲ್ಲುವುದಿಲ್ಲ. ಪರದೆ ಎಳೆದಂತೆ ಗಂಟೆಗಳಲ್ಲೋ ದಿನಗಳಲ್ಲೋ ನಡುವಿನ ಕಡೆಗೆ ಬೆಳೆಯುತ್ತದೆ. ಅದಕ್ಕೆ ಮೊದಲೋ ಜೊತೆಗೋ ಮಿಂಚಿನಂಥ ಬೆಳಕು, ಒಮ್ಮೆಲೇ ಸುರಿದಂತೆ ಕಪ್ಪು ಚುಕ್ಕಿಗಳು ಅಥವಾ ಜೇಡರಬಲೆಯಂಥ ಎಳೆಗಳು ಕಾಣಿಸಬಹುದು. ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಇಂದೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ನಾವು ಹೇಳುತ್ತಿರುವ ನೆರಳು ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ, ಅಥವಾ ಮೊದಲ ಕೆಲವು ದಿನಗಳಿಂದ, ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಇರುತ್ತದೆ. ಬೆಳೆಯುವುದಿಲ್ಲ, ತೇಲುವುದಿಲ್ಲ. ಪ್ರಖರ ಬೆಳಕಿನಲ್ಲಿ ಎದ್ದು ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ಮೆತ್ತಗಾಗುತ್ತದೆ. ಇದನ್ನು ಗುರುತಿಸಲು ಮನೆಯಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಬೆಳಕು ಪಕ್ಕದಿಂದ ಬೀಳುವ ಕಿಟಕಿಯ ಬಳಿ, ತೊಂದರೆಯಿರುವ ಕಣ್ಣನ್ನು ಕಿಟಕಿಯ ಕಡೆಗಿಟ್ಟುಕೊಂಡು ಕುಳಿತುಕೊಳ್ಳಿ. ಇನ್ನೊಂದು ಕಣ್ಣನ್ನು ಮುಚ್ಚಿ, ಎದುರಿನ ಒಂದು ವಸ್ತುವಿನ ಮೇಲೆ ದೃಷ್ಟಿ ನೆಟ್ಟು, ನೆರಳು ಕಾಣುತ್ತಿರುವಾಗಲೇ ಅಂಗೈಯನ್ನು ಕಿವಿಯ ಮುಂದೆ ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಮುಂದಕ್ಕೆ ತನ್ನಿ. ಪಕ್ಕದಿಂದ ಬರುವ ಬೆಳಕು ಅಂಗೈಗೆ ತಡೆದು ನಿಂತ ಗಳಿಗೆಯಲ್ಲಿ ನೆರಳು ಕರಗಿದರೆ ಅಥವಾ ಗಮನಾರ್ಹವಾಗಿ ತಿಳಿಯಾದರೆ, ಅದು ನೆಗೆಟಿವ್ ಡಿಸ್ಫೋಟಾಪ್ಸಿಯಾ ಎಂಬ ಅನುಮಾನ ಬಲವಾಗುತ್ತದೆ. ಬೆಳಕನ್ನು ತಡೆದರೆ ಕತ್ತಲೆ ಹೋಗುತ್ತದೆ ಎಂಬುದು ತಲೆಕೆಳಗಾದ ಮಾತಿನಂತೆ ಕೇಳುತ್ತದೆ, ಆದರೆ ಕಾರಣ ತಿಳಿದಾಗ ಅದು ಸಹಜವೆನಿಸುತ್ತದೆ. ಈ ಪರೀಕ್ಷೆಯಲ್ಲಿ ಹೌದೆಂಬ ಉತ್ತರ ಬಂದರೂ ಅಕ್ಷಿಪಟಲದ ಅಂಚಿನವರೆಗಿನ ತಪಾಸಣೆಯನ್ನು ತಪ್ಪಿಸಬಾರದು.

ತಪಾಸಣೆಗೆ ಹೋಗುವಾಗ ಎರಡು ವಿಷಯ ನೆನಪಿರಲಿ. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ನೆರಳಿನ ಬಗ್ಗೆ ಹೇಳಿ, ಸಾಧ್ಯವಾದರೆ ಒಂದು ಚೀಟಿಯಲ್ಲಿ ಚಿತ್ರ ಬರೆದು ತೋರಿಸಿ. ಪಾಪೆ ಹಿಗ್ಗಿದ ಮೇಲೆ ಈ ನೆರಳು ಬಹಳ ಜನರಲ್ಲಿ ಮಾಯವಾಗುತ್ತದೆ. ಅಷ್ಟು ಹೊತ್ತು ಕಾದು ಕುಳಿತವರು ವೈದ್ಯರ ಮುಂದೆ 'ಈಗೇನೋ ಕಾಣುತ್ತಿಲ್ಲ' ಎಂದು ಸಂಕೋಚಪಟ್ಟುಕೊಳ್ಳುತ್ತಾರೆ. ಅಸಲಿಗೆ ಹಾಗೆ ಮಾಯವಾಗುವುದೇ ರೋಗನಿರ್ಣಯಕ್ಕೆ ಒಂದು ಸುಳಿವು, ಅದನ್ನೂ ಹೇಳಬೇಕು. ಎರಡನೆಯದು ದೃಷ್ಟಿಕ್ಷೇತ್ರದ ಪರೀಕ್ಷೆ. ಗ್ಲಾಕೋಮಾಕ್ಕಾಗಿ ಮಾಡುವ ಸಾಮಾನ್ಯ ಯಂತ್ರಪರೀಕ್ಷೆ ನೋಟದ ನಡುವಿನ ಸುಮಾರು 24ರಿಂದ 30 ಡಿಗ್ರಿಯನ್ನಷ್ಟೇ ಅಳೆಯುತ್ತದೆ. ನಮ್ಮ ನೋಟವಾದರೋ ಕಿವಿಯ ಕಡೆಗೆ 90 ಡಿಗ್ರಿ ದಾಟುತ್ತದೆ, ಮತ್ತು ನೆರಳು ನಿಲ್ಲುವುದು ಆ ಹೊರಅಂಚಿನಲ್ಲಿ. ಆದ್ದರಿಂದ ಆ ವರದಿ 'ಸಹಜ' ಎಂದು ಬಂದ ಮಾತ್ರಕ್ಕೆ ನೆರಳು ಸುಳ್ಳಾಗುವುದಿಲ್ಲ. ಪೂರ್ಣ ಅಂಚಿನವರೆಗೆ ಅಳೆಯುವ ಗೋಲ್ಡ್‌ಮನ್ ಮಾದರಿಯ ಪರೀಕ್ಷೆಯಲ್ಲಿ ಇದು ಕೆಲವೊಮ್ಮೆ ಸಿಕ್ಕಿಬೀಳುತ್ತದೆ. ಆದರೂ ಸಾಮಾನ್ಯ ಪರೀಕ್ಷೆ ವ್ಯರ್ಥವಲ್ಲ. ಗ್ಲಾಕೋಮಾ ಅಥವಾ ಮೆದುಳಿನ ಕಡೆಯ ತೊಂದರೆಯಿಂದ ನೋಟದ ಒಂದು ಭಾಗ ಹೋಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಅದು ಬೇಕೇ ಬೇಕು.

ಇನ್ನೊಂದು ಬೇರ್ಪಡಿಸುವಿಕೆಯೂ ಈ ಹಂತದಲ್ಲೇ ಆಗಬೇಕು. ಕತ್ತಲೆಯ ಬದಲು ಬೆಳಕಿನ ಗೆರೆ, ಕಮಾನು, ಉಂಗುರ, ಎದುರು ದೀಪದಿಂದ ಚಿಮ್ಮುವ ಕಿರಣಗಳು ಕಾಣುತ್ತಿದ್ದರೆ ಅದು ಪಾಸಿಟಿವ್ ಡಿಸ್ಫೋಟಾಪ್ಸಿಯಾ. ಅದರ ಮೂಲ ಮುಖ್ಯವಾಗಿ ಲೆನ್ಸಿನ ವಸ್ತು ಮತ್ತು ಅಂಚಿನಲ್ಲಿದೆ. ಅದು ಸಹಿಸಲಾಗದಷ್ಟಿದ್ದರೆ ಸಾಮಾನ್ಯವಾಗಿ ಲೆನ್ಸನ್ನೇ ಬೇರೆ ವಸ್ತುವಿನ ಲೆನ್ಸಿಗೆ ಬದಲಿಸುತ್ತಾರೆ. ಇಲ್ಲಿ ವಿವರಿಸುವ ಎರಡನೆಯ ಲೆನ್ಸ್ ಅದಕ್ಕೆ ಔಷಧವಲ್ಲ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಅಂಥವರು ತಮ್ಮನ್ನು ಹೆಚ್ಚು ಕಾಡುವುದು ಯಾವುದು ಎಂದು ಸ್ಪಷ್ಟವಾಗಿ ಹೇಳದಿದ್ದರೆ, ಒಂದಕ್ಕೆ ಚಿಕಿತ್ಸೆಯಾಗಿ ಇನ್ನೊಂದು ಹಾಗೇ ಉಳಿಯುತ್ತದೆ.

ನೆರಳು ಹುಟ್ಟುವ ಬಗೆ

ಹುಟ್ಟಿನಿಂದ ಬಂದ ಮಸೂರ ಸುಮಾರು 9ರಿಂದ 10 ಮಿಲಿಮೀಟರ್ ಅಗಲ, ವಯಸ್ಸಾದವರಲ್ಲಿ 4ರಿಂದ 5 ಮಿಲಿಮೀಟರ್ ದಪ್ಪ ಇರುತ್ತದೆ. ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ಸಿನ ಬೆನ್ನಿಗೆ ಆತುಕೊಂಡಂತೆ ಅದು ಇಡೀ ಜಾಗವನ್ನು ತುಂಬಿರುತ್ತದೆ. ಅದನ್ನು ತೆಗೆದು, ಅದರ ಬರಿದಾದ ಚೀಲದೊಳಗೆ ಇಡುವ ಕೃತಕ ಲೆನ್ಸಿನ ದೃಷ್ಟಿಭಾಗ (ಬೆಳಕು ಹಾದುಹೋಗುವ ದುಂಡು ನಡುಭಾಗ) ಸಾಮಾನ್ಯವಾಗಿ 6 ಮಿಲಿಮೀಟರ್ ಅಗಲ, ದಪ್ಪವೋ ಒಂದು ಮಿಲಿಮೀಟರಿನ ಆಸುಪಾಸು. ಹೀಗಾಗಿ ಐರಿಸ್ಸಿಗೂ ಲೆನ್ಸಿಗೂ ನಡುವೆ ಮೊದಲಿಲ್ಲದ ಒಂದು ಸಂದು ಉಳಿಯುತ್ತದೆ.

ಕಿವಿಯ ಕಡೆಯಿಂದ ತೀರಾ ಓರೆಯಾಗಿ ಬರುವ ಕಿರಣಗಳು ಈ ಸಂದಿನ ಬಳಿ ಎರಡಾಗುತ್ತವೆ. ಲೆನ್ಸಿನ ಅಂಚಿಗೆ ಸಿಕ್ಕವು ಬಾಗಿ ಅಕ್ಷಿಪಟಲದ ಹಿಂಭಾಗಕ್ಕೆ ಹೋಗುತ್ತವೆ. ಲೆನ್ಸನ್ನು ತಪ್ಪಿಸಿಕೊಂಡು ಸಂದಿನಲ್ಲಿ ನುಸುಳಿದವು ಬಾಗದೆ ನೇರ ಹೋಗಿ ಅಕ್ಷಿಪಟಲದ ಮುಂಭಾಗವನ್ನು ಮುಟ್ಟುತ್ತವೆ. ಇವೆರಡರ ನಡುವೆ, ಮೂಗಿನ ಕಡೆಯ ಅಕ್ಷಿಪಟಲದ ಮೇಲೆ, ಯಾವ ಕಿರಣವೂ ಬೀಳದ ಒಂದು ಪಟ್ಟಿ ಉಳಿಯುತ್ತದೆ. ಮಿದುಳು ಅದನ್ನು ಕಿವಿಯ ಕಡೆಯ ಕಪ್ಪಾಗಿ ಓದುತ್ತದೆ. ನೇತ್ರತಜ್ಞ ಜ್ಯಾಕ್ ಹಾಲಡೇ ಮತ್ತು ಸಂಗಡಿಗರು ಕಿರಣಗಳ ಹಾದಿಯನ್ನು ಗಣಕದಲ್ಲಿ ಗುರುತಿಸಿ ಕೊಟ್ಟ ವಿವರಣೆಯ ತಿರುಳು ಇದು. ಪಾಪೆ ಹಿಗ್ಗಿದಾಗ ಬೆಳಕಿನ ಪಟ್ಟಿಗಳು ಹರಡಿಕೊಂಡು ನಡುವಣ ಕಪ್ಪು ಮುಚ್ಚಿಹೋಗುತ್ತದೆ. ಅಂಗೈ ಅಡ್ಡ ಹಿಡಿದಾಗ ಆಚೆ ಬದಿಯ ಬೆಳಕೂ ನಿಂತು, ಕಪ್ಪಿಗೆ ಎದ್ದು ಕಾಣಲು ಬೇಕಾದ ಬೆಳಕಿನ ಚೌಕಟ್ಟೇ ಇಲ್ಲವಾಗುತ್ತದೆ. ಮೂಗಿನ ಕಡೆಯಿಂದ ಬರುವ ಓರೆ ಬೆಳಕಿಗೆ ಮೂಗೇ ತಡೆ, ಹಾಗಾಗಿ ಆ ಬದಿಯಲ್ಲಿ ಈ ತಕರಾರಿಲ್ಲ.

ಇದು ಇಡೀ ಕಥೆಯಲ್ಲ. ಇಂಥದೇ ಕಣ್ಣು, ಇಂಥದೇ ಲೆನ್ಸ್ ಇದ್ದ ಇಬ್ಬರಲ್ಲಿ ಒಬ್ಬರಿಗೆ ನೆರಳು ಕಂಡು ಇನ್ನೊಬ್ಬರಿಗೆ ಕಾಣದಿರುವುದಕ್ಕೆ ಮಿದುಳಿನ ಹೊಂದಿಕೊಳ್ಳುವ ಗುಣವೂ ಸೇರಿದೆ. ಆದರೆ ಚಿಕಿತ್ಸೆಯ ದೃಷ್ಟಿಯಿಂದ ಹಿಡಿದಿಟ್ಟುಕೊಳ್ಳಬೇಕಾದ ಮಾತು ಒಂದೇ: ಇಲ್ಲಿ ತಕರಾರು ಲೆನ್ಸ್ ಕೂತ ಜಾಗದ್ದು. ಸ್ಯಾಮ್ಯುಯೆಲ್ ಮ್ಯಾಸ್ಕೆಟ್ ಎಂಬ ಶಸ್ತ್ರವೈದ್ಯರ ಅನುಭವವೂ ಇದನ್ನೇ ಹೇಳಿತು. ಚೀಲದೊಳಗಿನ ಲೆನ್ಸನ್ನು ತೆಗೆದು ಬೇರೆ ವಸ್ತುವಿನ ಲೆನ್ಸನ್ನು ಅದೇ ಚೀಲದಲ್ಲಿಟ್ಟರೆ ನೆರಳು ಸಾಮಾನ್ಯವಾಗಿ ಹೋಗುವುದಿಲ್ಲ. ಪೊರೆ ತೆಗೆಯಲು ಚೀಲದ ಮುಂಭಾಗದಲ್ಲಿ ಮಾಡಿದ ತೆರಪಿನ ಅಂಚನ್ನು ಲೆನ್ಸಿನಿಂದ ಮುಚ್ಚಿದಾಗ ಹೋಗುವುದುಂಟು. 'ಇನ್ನೂ ಒಳ್ಳೆಯ ಲೆನ್ಸ್ ಹಾಕಿ ಬದಲಿಸೋಣ' ಎಂಬ ಮಾತು ಯಾರಿಂದಲಾದರೂ ಬಂದರೆ, ಅದನ್ನು ಎಲ್ಲಿ ಇಡುತ್ತೀರಿ ಎಂದು ಕೇಳಲೇಬೇಕು.

ಎರಡನೆಯ ಹೆಜ್ಜೆ: ಕಾಯುವುದು, ಮತ್ತು ಕಾಯುವಾಗ ಒಂದು ಲೇಸರನ್ನು ತಡೆಯುವುದು

ನೇತ್ರತಜ್ಞ ರಾಬರ್ಟ್ ಓಷರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ಮರುದಿನ ನೂರಕ್ಕೆ ಸುಮಾರು 15 ಜನ ನೆರಳು ಕಾಣುತ್ತದೆ ಎಂದಿದ್ದರು. ವರ್ಷ ಕಳೆಯುವ ಹೊತ್ತಿಗೆ ಹಾಗೆ ಹೇಳುವವರು ಸುಮಾರು 3ಕ್ಕೆ ಇಳಿದಿದ್ದರು. ಆದ್ದರಿಂದ ಕನಿಷ್ಠ ಮೂರು ತಿಂಗಳು, ಸಾಮಾನ್ಯವಾಗಿ ಆರು ತಿಂಗಳು ಕಾಯಲು ವೈದ್ಯರು ಹೇಳುವುದು ಸಾಗಹಾಕುವ ಮಾತಲ್ಲ. ಕಾಯುತ್ತಿರುವವರಿಗೆ ಮಾತ್ರ ಅದು ಹಾಗೇ ಕೇಳಿಸುತ್ತದೆ, ಅದೂ ಸುಳ್ಳಲ್ಲ.

ಈ ಅವಧಿಯಲ್ಲಿ ದಪ್ಪ ಕಡ್ಡಿಯ, ಪಕ್ಕವನ್ನು ಮರೆಮಾಡುವ ಕನ್ನಡಕವನ್ನು ಪ್ರಯತ್ನಿಸಿ. ಪವರ್ ಇಲ್ಲದ ಗಾಜಾದರೂ ಆದೀತು, ಕೆಲಸ ಮಾಡುವುದು ಕಡ್ಡಿ. ಅಂಗೈ ಪರೀಕ್ಷೆಯಲ್ಲಿ ನೆರಳು ಕರಗಿದವರಿಗೆ ಇದರಿಂದ ಸಾಕಷ್ಟು ನೆಮ್ಮದಿ ಸಿಗುತ್ತದೆ, ಮತ್ತು ಕೆಲವರು ಇಷ್ಟಕ್ಕೇ ತೃಪ್ತರಾಗಿ ಮುಂದಿನ ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಪಾಪೆ ಹಿಗ್ಗಿಸುವ ಹನಿಯನ್ನು ಮಾತ್ರ ದಿನನಿತ್ಯದ ಉಪಾಯವಾಗಿ ಬಳಸುವುದು ಒಳ್ಳೆಯದಲ್ಲ. ಬೆಳಕು ಚುಚ್ಚುತ್ತದೆ, ಹತ್ತಿರದ ಓದು ಮಂಜಾಗುತ್ತದೆ. ಪಾಪೆ ಕುಗ್ಗಿಸುವ ಹನಿಯಂತೂ ನೆರಳನ್ನು ಇನ್ನಷ್ಟು ಗಾಢಗೊಳಿಸುವ ಸಂಭವವೇ ಹೆಚ್ಚು. ವಾರಕ್ಕೊಮ್ಮೆ, ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ ನೆರಳು ಎಷ್ಟಿದೆ ಎಂದು ಹತ್ತರಲ್ಲಿ ಅಂಕ ಹಾಕಿ ಬರೆದಿಡಿ. ಪ್ರತಿದಿನ ಅಳೆಯಬೇಡಿ. ನೆರಳನ್ನು ಹುಡುಕುತ್ತಾ ಕೂತ ಮಿದುಳಿಗೆ ಅದನ್ನು ಮರೆಯಲು ಬಿಡುವೇ ಸಿಗುವುದಿಲ್ಲ.

ಇನ್ನು ಲೇಸರಿನ ವಿಷಯ. ಪೊರೆ ಶಸ್ತ್ರಚಿಕಿತ್ಸೆಯ ಕೆಲವು ತಿಂಗಳೋ ವರ್ಷವೋ ಕಳೆದ ಮೇಲೆ ಚೀಲದ ಹಿಂದಿನ ಪದರ ಮಂಜಾದರೆ, ಯಾಗ್ ಲೇಸರಿನಿಂದ ಅದರಲ್ಲಿ ಕಿಂಡಿ ಮಾಡುವುದು ವಾಡಿಕೆ. ನೆರಳಿನ ದೂರು ಹೇಳಿದವರಿಗೂ 'ಸ್ವಲ್ಪ ಪೊರೆ ಕೂತಿದೆ, ಲೇಸರ್ ಮಾಡಿಬಿಡೋಣ' ಎಂಬ ಸಲಹೆ ಬರುವುದುಂಟು. ಹಿಂದಿನ ಪದರದ ಲೇಸರಿನಿಂದ ಈ ನೆರಳು ಹೋಗುವುದಿಲ್ಲ. ಬದಲಿಗೆ ಆ ಪದರ ಒಮ್ಮೆ ತೆರೆದುಕೊಂಡರೆ, ಮುಂದೆ ಮೊದಲ ಲೆನ್ಸನ್ನು ತೆಗೆಯಬೇಕಾಗಿ ಬಂದಾಗ ಒಳಗಿನ ಲೋಳೆಯಂಥ ದ್ರವ ಮುಂದಕ್ಕೆ ನುಗ್ಗುವ ಅಪಾಯ ಏರುತ್ತದೆ, ಒಂದು ದಾರಿ ಹೆಚ್ಚುಕಡಿಮೆ ಮುಚ್ಚಿದಂತಾಗುತ್ತದೆ. ನೆರಳಿನ ಬಗ್ಗೆ ತೀರ್ಮಾನವಾಗುವವರೆಗೆ ಈ ಲೇಸರನ್ನು ಮುಂದೂಡಲು ಆಗುತ್ತದೆಯೇ ಎಂದು ಕೇಳಿ. ಈ ಇಡೀ ಲೇಖನದಿಂದ ಒಂದೇ ಮಾತನ್ನು ಒಯ್ಯುವುದಾದರೆ ಇದನ್ನೇ ಒಯ್ಯಿರಿ ಎನ್ನುವೆ. ಈಗಾಗಲೇ ಲೇಸರ್ ಆಗಿಹೋಗಿದ್ದರೆ ಧೈರ್ಯಗೆಡಬೇಕಿಲ್ಲ. ಮೊದಲ ಲೆನ್ಸನ್ನು ಮುಟ್ಟದೆ ಮಾಡುವ ಎರಡನೆಯ ಲೆನ್ಸಿನ ವಿಧಾನ ಅಂಥ ಕಣ್ಣುಗಳಲ್ಲಿಯೂ ಸಾಧ್ಯ. ಅದರ ದೊಡ್ಡ ಅನುಕೂಲಗಳಲ್ಲಿ ಇದೂ ಒಂದು.

ಮೂರನೆಯ ಹೆಜ್ಜೆ: ಇರುವ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು

ಆರು ತಿಂಗಳಾದರೂ ನೆರಳು ಮಾಸದೆ, ವಾಹನ ಓಡಿಸುವಾಗ ಅಥವಾ ಜನರ ನಡುವೆ ನಡೆಯುವಾಗ ಪದೇಪದೇ ಬೆಚ್ಚಿಬೀಳುವಂತಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಎತ್ತಬಹುದು. ದಾರಿಗಳು ನಾಲ್ಕು. ಚೀಲದ ಮುಂದಿನ ಪದರದ ಮೂಗಿನ ಕಡೆಯ ತುಣುಕನ್ನು ಲೇಸರಿನಿಂದ ತೆಗೆಯುವುದು ಎಲ್ಲಕ್ಕಿಂತ ಹಗುರವಾದದ್ದು. ಕಣ್ಣನ್ನು ಕೊಯ್ಯಬೇಕಿಲ್ಲ, ಕೆಲವರಿಗೆ ಫಲ ಕೊಟ್ಟಿದೆ. ಇದು ಮೇಲೆ ಹೇಳಿದ ಹಿಂದಿನ ಪದರದ ಲೇಸರಲ್ಲ ಎಂಬುದನ್ನು ಗಮನಿಸಿ. ಎರಡನೆಯದು, ಲೆನ್ಸಿನ ಕಾಲುಗಳನ್ನು (ಅದನ್ನು ಜಾಗದಲ್ಲಿ ಹಿಡಿದಿಡುವ ಚಾಚುಗಳು) ಚೀಲದಲ್ಲೇ ಬಿಟ್ಟು ಅದರ ದೃಷ್ಟಿಭಾಗವನ್ನಷ್ಟೇ ತೆರಪಿನ ಅಂಚಿನ ಮೇಲಕ್ಕೆ, ಅಂಗಿಯ ಗುಂಡಿಯನ್ನು ಕಾಜದಿಂದ ಹೊರತಂದಂತೆ, ಮುಂದಕ್ಕೆ ತರುವುದು. ರಿವರ್ಸ್ ಆಪ್ಟಿಕ್ ಕ್ಯಾಪ್ಚರ್ ಎನ್ನುತ್ತಾರೆ. ಹೊಸದೇನನ್ನೂ ಕಣ್ಣಿಗೆ ಸೇರಿಸದ ಈ ವಿಧಾನ ಚೊಕ್ಕವಾದದ್ದು, ಆದರೆ ತಿಂಗಳುಗಳು ಕಳೆದಂತೆ ಚೀಲ ಲೆನ್ಸಿಗೆ ಅಂಟಿಕೊಳ್ಳುವುದರಿಂದ ಬಿಡಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ಲೆನ್ಸ್ ಮುಂದಕ್ಕೆ ಬರುವುದರಿಂದ ಪವರ್ ತುಸು ಮೈನಸ್ ಕಡೆಗೆ ಜರುಗಲೂಬಹುದು. ಮೂರನೆಯದು ಲೆನ್ಸನ್ನು ತೆಗೆದು ಬೇರೊಂದನ್ನು ಚೀಲದ ಹೊರಗೆ, ಮುಂದೆ, ಕೂರಿಸುವುದು. ಇದು ಎಲ್ಲಕ್ಕಿಂತ ದೊಡ್ಡ ಶಸ್ತ್ರಚಿಕಿತ್ಸೆ. ನಾಲ್ಕನೆಯದು ಎರಡನೆಯ ಲೆನ್ಸ್.

ಇವುಗಳಲ್ಲಿ ಯಾವುದೂ ಖಾತ್ರಿಯಲ್ಲ. ಎರಡನೆಯ ಲೆನ್ಸಿನಿಂದ ಬಹಳ ಜನರಿಗೆ ನೆರಳು ಹೋಗಿದೆ ಅಥವಾ ತಿಳಿಯಾಗಿದೆ. ಕೆಲವರಿಗೆ ಏನೂ ಆಗಿಲ್ಲ. ಈ ಮಾತನ್ನು ಬಿಡಿಸಿ ಹೇಳದ ವೈದ್ಯರ ಬಳಿ ಒಪ್ಪಿಗೆಪತ್ರಕ್ಕೆ ಸಹಿ ಹಾಕಲು ಅವಸರಪಡಬಾರದು.

ನಾಲ್ಕನೆಯ ಹೆಜ್ಜೆ: ಎರಡನೆಯ ಲೆನ್ಸ್ ಯಾವುದು, ಎಲ್ಲಿ, ಎಷ್ಟು ಪವರ್

ವೈದ್ಯರು ಇದನ್ನು ಪಿಗ್ಗಿಬ್ಯಾಕ್ ಲೆನ್ಸ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಉಪ್ಪುಮೂಟೆ: ಮೊದಲ ಲೆನ್ಸಿನ ಬೆನ್ನ ಮೇಲೆ ಎರಡನೆಯದು. ಆದರೆ ನಿಜವಾಗಿ ಒಂದರ ಮೇಲೊಂದು ಭಾರ ಹಾಕಿ ಕೂರುವುದಿಲ್ಲ, ಕೂರಲೂಬಾರದು. ಮೊದಲನೆಯದು ಚೀಲದೊಳಗಿರುತ್ತದೆ. ಎರಡನೆಯದು ಚೀಲದ ಮುಂದೆ, ಐರಿಸ್ಸಿನ ಬುಡದ ಹಿಂದೆ ಸುತ್ತಲೂ ಇರುವ ಸಲ್ಕಸ್ ಎಂಬ ತೋಡಿನಲ್ಲಿ ತನ್ನ ಕಾಲುಗಳನ್ನು ಊರಿ ನಿಲ್ಲುತ್ತದೆ. ನೆರಳಿಗೆ ಕಾರಣವಾದ ಸಂದು ಇರುವುದು ಇಲ್ಲಿಯೇ. ಹೊಸ ಲೆನ್ಸ್ ಆ ಸಂದನ್ನು ತುಂಬುತ್ತದೆ, ತೆರಪಿನ ಅಂಚನ್ನು ಮುಚ್ಚುತ್ತದೆ, ಹಿಂದೆ ನೇರವಾಗಿ ನುಸುಳಿ ಹೋಗುತ್ತಿದ್ದ ಓರೆ ಕಿರಣಗಳನ್ನು ಹಿಡಿದು ಬಾಗಿಸಿ ಕಪ್ಪು ಪಟ್ಟಿಯ ಕಡೆಗೆ ಕಳಿಸುತ್ತದೆ ಎಂಬುದು ಇದರ ಹಿಂದಿನ ತರ್ಕ.

ಎರಡು ಲೆನ್ಸ್ ಇಡುವ ಯೋಚನೆ ನೆರಳಿಗಾಗಿ ಹುಟ್ಟಿದ್ದಲ್ಲ. ಒಂದೇ ಲೆನ್ಸಿನಲ್ಲಿ ಸಿಗದಷ್ಟು ಪವರ್ ಬೇಕಾಗಿದ್ದ ತೀರಾ ಪುಟ್ಟ ಕಣ್ಣಿಗಾಗಿ ಜೇಮ್ಸ್ ಗೇಟನ್ ಮತ್ತು ಡೊನಾಲ್ಡ್ ಸ್ಯಾಂಡರ್ಸ್ 1993ರಲ್ಲಿ ಇದನ್ನು ವರದಿ ಮಾಡಿದರು. ಆಗ ಎರಡನ್ನೂ ಒಂದೇ ಚೀಲದಲ್ಲಿಡುತ್ತಿದ್ದರು. ಎರಡೂ ಅಕ್ರಿಲಿಕ್ ಆಗಿದ್ದಾಗ, ಕೆಲವು ವರ್ಷಗಳಲ್ಲಿ ಅವುಗಳ ನಡುವೆ ಚೀಲದ ಜೀವಕೋಶಗಳು ಬೆಳೆದು, ಎರಡು ಗಾಜಿನ ನಡುವೆ ಸಿಕ್ಕ ಪಾಚಿಯಂತೆ ಮಂಜು ಕಟ್ಟತೊಡಗಿತು. ಒಂದನ್ನು ಚೀಲದಲ್ಲೂ ಇನ್ನೊಂದನ್ನು ಸಲ್ಕಸ್ಸಿನಲ್ಲೂ ಇಡುವ, ಸಾಧ್ಯವಾದರೆ ಎರಡನೆಯದಕ್ಕೆ ಬೇರೆ ವಸ್ತುವನ್ನು ಆರಿಸುವ ಈಗಿನ ಪದ್ಧತಿ ಆ ಪಾಠದಿಂದ ಬಂದದ್ದು.

ಯಾವ ಲೆನ್ಸ್ ಎಂಬುದನ್ನು ರೋಗಿಯೂ ಕೇಳಿ ತಿಳಿದುಕೊಳ್ಳಬೇಕು. ಚೀಲಕ್ಕಾಗಿ ಮಾಡಿದ ಒಂದೇ ತುಂಡಿನ ಅಕ್ರಿಲಿಕ್ ಲೆನ್ಸನ್ನು ಸಲ್ಕಸ್ಸಿನಲ್ಲಿ ಇಡಬಾರದು. ಅದರ ಕಾಲುಗಳು ದಪ್ಪ, ಅಂಚು ಚೌಕ. ಪಾಪೆ ಹಿಗ್ಗಿ ಕುಗ್ಗಿದಾಗಲೆಲ್ಲ ಅದು ಐರಿಸ್ಸಿನ ಹಿಂಬದಿಯನ್ನು ಉಜ್ಜಿ ಬಣ್ಣದ ಕಣಗಳನ್ನು ಉದುರಿಸುತ್ತದೆ, ಒಳಗೆ ಉರಿಯೂತ, ರಕ್ತಸ್ರಾವ, ಏರಿದ ಒತ್ತಡ ಎಲ್ಲವೂ ಒಟ್ಟಿಗೆ ಬರಬಹುದು. ಅಮೆರಿಕದ ಪೊರೆ ಶಸ್ತ್ರವೈದ್ಯರ ಸಂಘದ ಸಮಿತಿ 2009ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಬೇಕಾದದ್ದು ತೆಳುವಾದ, ದುಂಡಂಚಿನ, ಸಲ್ಕಸ್ಸನ್ನು ಮುಟ್ಟುವಷ್ಟು ಉದ್ದವಿರುವ ಲೆನ್ಸ್: ತೆಳು ಕಾಲುಗಳ ಮೂರು ತುಂಡಿನ ಲೆನ್ಸ್, ಇಲ್ಲವೇ ಈ ಜಾಗಕ್ಕೆಂದೇ ರೂಪಿಸಿದ ಪೂರಕ ಲೆನ್ಸ್. ಪೂರಕ ಲೆನ್ಸುಗಳಲ್ಲಿ ರೇನರ್ ಕಂಪನಿಯ ಸಲ್ಕೋಫ್ಲೆಕ್ಸ್ ಹೆಸರಾದದ್ದು. ಅದರ ದೃಷ್ಟಿಭಾಗ 6.5 ಮಿಲಿಮೀಟರ್, ಒಟ್ಟು ಉದ್ದ 14 ಮಿಲಿಮೀಟರ್. ಹಿಂಬದಿ ಒಳಕ್ಕೆ ಬಾಗಿರುವುದರಿಂದ ಮೊದಲ ಲೆನ್ಸಿನ ಉಬ್ಬಿಗೆ ತಗಲುವುದಿಲ್ಲ, ಕಾಲುಗಳು ಹಿಂದಕ್ಕೆ ಬಾಗಿರುವುದರಿಂದ ಐರಿಸ್ಸಿನಿಂದಲೂ ದೂರ ಉಳಿಯುತ್ತದೆ.

ಪವರ್ ವಿಷಯದಲ್ಲಿ ಈ ವಿಧಾನಕ್ಕೆ ಒಂದು ಸೊಗಸಿದೆ. ದೂರದ ನೋಟಕ್ಕೆ ಕನ್ನಡಕವೇ ಬೇಡವೆಂಬಷ್ಟು ಚೆನ್ನಾಗಿದ್ದರೆ ಸೊನ್ನೆ ಪವರಿನ ಲೆನ್ಸ್ ಇಡುತ್ತಾರೆ, ಅದರ ಕೆಲಸ ಜಾಗ ತುಂಬುವುದಷ್ಟೇ. ಮೊದಲ ಶಸ್ತ್ರಚಿಕಿತ್ಸೆಯಿಂದ ಸ್ವಲ್ಪ ಪವರ್ ಉಳಿದಿದ್ದರೆ ಅದನ್ನೂ ಇದರಲ್ಲೇ ಸರಿಪಡಿಸಬಹುದು. ಬಳಕೆಯಲ್ಲಿರುವ ಸರಳ ಲೆಕ್ಕ ಹೀಗಿದೆ: ಉಳಿದದ್ದು ಪ್ಲಸ್ ಆದರೆ ಅದನ್ನು 1.5ರಿಂದ, ಮೈನಸ್ ಆದರೆ 1.2ರಿಂದ ಗುಣಿಸುವುದು. ಕನ್ನಡಕದ ಪವರ್ +1.00 ಇದ್ದರೆ ಎರಡನೆಯ ಲೆನ್ಸ್ ಸುಮಾರು +1.5, ಕನ್ನಡಕದ್ದು −1.00 ಇದ್ದರೆ ಸುಮಾರು −1.2. ವೈದ್ಯರು ಇನ್ನೂ ಸೂಕ್ಷ್ಮ ಸೂತ್ರಗಳಿಂದ ಇದನ್ನು ತಾಳೆ ನೋಡುತ್ತಾರೆ. ಲೆಕ್ಕಕ್ಕೆ ಆಧಾರ ಕನ್ನಡಕದ ಪವರ್ ಆದ್ದರಿಂದ, ಅದು ಕೆಲವು ವಾರಗಳಿಂದ ಸ್ಥಿರವಾಗಿದೆ ಎಂದು ಎರಡು ಬಾರಿ ಅಳೆಸಿ ನೋಡುವುದು ಒಳ್ಳೆಯದು.

ಐದನೆಯ ಹೆಜ್ಜೆ: ಜಾಗ ಇದೆಯೇ ಎಂದು ಅಳೆಯುವುದು

ಐರಿಸ್ಸಿಗೂ ಮೊದಲ ಲೆನ್ಸಿಗೂ ನಡುವೆ ಸಾಕಷ್ಟು ಆಳವಿಲ್ಲದಿದ್ದರೆ ಎರಡನೆಯದನ್ನು ತುರುಕುವುದು ಅಪಾಯ. ಕಣ್ಣಿನ ಮುಂಭಾಗದ ಆಳವನ್ನು ಬೆಳಕಿನಿಂದ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನಿನಿಂದ ಅಳೆಯುತ್ತಾರೆ, ಆದರೆ ಬಣ್ಣ ತುಂಬಿದ ಐರಿಸ್ಸಿನ ಹಿಂದೆ ಅದರ ಬೆಳಕು ಸರಿಯಾಗಿ ತಲುಪುವುದಿಲ್ಲ. ಅಲ್ಲಿಗೆ ಯುಬಿಎಂ ಎಂಬ ಸೂಕ್ಷ್ಮ ಅಲ್ಟ್ರಾಸೌಂಡ್ ಬೇಕು. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗಳ ನಡುವೆ ಒಂದು ಪುಟ್ಟ ಬಟ್ಟಲಿಟ್ಟು, ಅದರಲ್ಲಿ ದ್ರವ ತುಂಬಿ, ಆ ದ್ರವದೊಳಗೆ ಪ್ರೋಬನ್ನು ಆಡಿಸುತ್ತಾರೆ. ನೋವಿಲ್ಲ, ಕಣ್ಣಿಗೆ ತಣ್ಣನೆಯ ನೀರು ತುಂಬಿದಂತಿರುತ್ತದೆ. ಪರದೆಯ ಮೇಲೆ ಐರಿಸ್, ಸಂದು, ಲೆನ್ಸಿನ ಬಿಳಿ ಗೆರೆ ಮೂರೂ ಬೇರೆಬೇರೆಯಾಗಿ ಕಾಣುತ್ತವೆ. ತೋರಿಸಿ ಎಂದು ಕೇಳಿದರೆ ತೋರಿಸುತ್ತಾರೆ, ನೆರಳು ಮನಸ್ಸಿನ ಭ್ರಮೆಯಲ್ಲ ಎಂಬ ಸಮಾಧಾನವಾದರೂ ಸಿಗುತ್ತದೆ.

ಇದರ ಜೊತೆಗೆ ಕಣ್ಣಿನ ಒತ್ತಡ, ನೀರು ಹೊರಹೋಗುವ ಕೋನ, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಒಳಪದರದ ಕೋಶಗಳ ಎಣಿಕೆ, ಮೊದಲ ಲೆನ್ಸ್ ನಟ್ಟನಡುವೆ ಕೂತಿದೆಯೇ ಎಂಬುದು ಇವನ್ನು ನೋಡುತ್ತಾರೆ. ಹತೋಟಿಗೆ ಬಾರದ ಗ್ಲಾಕೋಮಾ, ಮರುಕಳಿಸುವ ಯುವಿಯೈಟಿಸ್ (ಕಣ್ಣೊಳಗಿನ ಉರಿಯೂತ), ಐರಿಸ್ಸಿನಿಂದ ಬಣ್ಣ ಉದುರುವ ಕಾಯಿಲೆ, ಕುಸಿದ ಕೋಶಗಳ ಎಣಿಕೆ ಇದ್ದವರಿಗೆ ಈ ವಿಧಾನ ಸಾಮಾನ್ಯವಾಗಿ ತಕ್ಕದ್ದಲ್ಲ. ಮೂತ್ರಕೋಶದ ಅಥವಾ ಪ್ರಾಸ್ಟೇಟಿನ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುವವರು, ಹಿಂದೆ ನುಂಗಿದ್ದವರೂ ಸಹ, ಮುಂಚಿತವಾಗಿ ಹೇಳಬೇಕು. ಅದು ಐರಿಸ್ಸನ್ನು ಸಡಿಲಗೊಳಿಸುತ್ತದೆ, ಈ ಶಸ್ತ್ರಚಿಕಿತ್ಸೆಯೆಲ್ಲ ನಡೆಯುವುದು ಐರಿಸ್ಸಿನ ಬೆನ್ನಿನಲ್ಲೇ.

ಆರನೆಯ ಹೆಜ್ಜೆ: ಶಸ್ತ್ರಚಿಕಿತ್ಸೆಯ ದಿನ

ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಇದರಲ್ಲಿ ಹೊಸದು ಕಡಿಮೆ. ಹನಿಯಿಂದಲೋ ಕಣ್ಣಿನ ಸುತ್ತಲ ಚುಚ್ಚುಮದ್ದಿನಿಂದಲೋ ಮರಗಟ್ಟಿಸಿ, ಕಾರ್ನಿಯಾದ ಅಂಚಿನಲ್ಲಿ ಸುಮಾರು 3 ಮಿಲಿಮೀಟರಿನ ಸೀಳು ಮಾಡುತ್ತಾರೆ. ಜೆಲ್ಲಿನಂಥ ದ್ರವವನ್ನು ಐರಿಸ್ಸಿನ ಹಿಂದೆ ತುಂಬಿ ತೋಡನ್ನು ಅಗಲಿಸಿ, ಸುರುಳಿ ಸುತ್ತಿದ ಲೆನ್ಸನ್ನು ಒಳಬಿಟ್ಟು, ಅದು ಬಿಚ್ಚಿಕೊಂಡ ಮೇಲೆ ಕಾಲುಗಳನ್ನು ಒಂದೊಂದಾಗಿ ಐರಿಸ್ಸಿನ ಅಡಿಗೆ ಸರಿಸುತ್ತಾರೆ. ಆಮೇಲೆ ಜೆಲ್ಲನ್ನು, ವಿಶೇಷವಾಗಿ ಎರಡು ಲೆನ್ಸುಗಳ ನಡುವೆ ಉಳಿದದ್ದನ್ನು, ಪೂರ್ತಿ ಹೀರಿ ತೆಗೆಯುತ್ತಾರೆ. ಉಳಿದರೆ ಅಂದು ರಾತ್ರಿಯೇ ಕಣ್ಣಿನ ಒತ್ತಡ ಏರುತ್ತದೆ. ಕೆಲವು ವೈದ್ಯರು ಐರಿಸ್ಸಿನ ಅಂಚಿನಲ್ಲಿ ಒಂದು ಸಣ್ಣ ಕಿಂಡಿಯನ್ನೂ ಮಾಡುತ್ತಾರೆ. ಲೆನ್ಸ್ ಪಾಪೆಗೆ ಆತು ನೀರಿನ ಹರಿವು ಕಟ್ಟಿದರೆ ಅದು ಬದಲಿ ದಾರಿ.

ಏಳನೆಯ ಹೆಜ್ಜೆ: ನಂತರದ ವಾರಗಳು

ಮರುದಿನದ ತಪಾಸಣೆಯನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ, ಅಂದು ನೋಡುವುದು ಮುಖ್ಯವಾಗಿ ಒತ್ತಡವನ್ನು. ನಂತರ ಸಾಮಾನ್ಯವಾಗಿ ವಾರಕ್ಕೆ, ತಿಂಗಳಿಗೆ, ಮತ್ತೆ ಕೆಲವು ತಿಂಗಳಿಗೊಮ್ಮೆ ಕರೆಯುತ್ತಾರೆ. ಆಂಟಿಬಯಾಟಿಕ್ ಹನಿ ಕೆಲವು ದಿನ, ಸ್ಟೀರಾಯ್ಡ್ ಹನಿ ಕೆಲವು ವಾರ ಇಳಿಕೆಯ ಕ್ರಮದಲ್ಲಿ ಇರುತ್ತದೆ. ಮೊದಲ ದಿನ ನೆರಳು ಇಲ್ಲವೆಂದು ಹಿಗ್ಗುವುದೂ ಬೇಡ, ಇದೆಯೆಂದು ಕುಗ್ಗುವುದೂ ಬೇಡ, ಏಕೆಂದರೆ ಪಾಪೆ ಇನ್ನೂ ಹಿಗ್ಗಿಯೇ ಇರಬಹುದು. ಪಾಪೆ ಸಹಜ ಅಳತೆಗೆ ಮರಳಿದ ಮೇಲೆ ಅದೇ ಕಿಟಕಿಯ ಬಳಿ ಕುಳಿತು ಅಂಕ ಹಾಕಿ, ಹಳೆಯ ಅಂಕಗಳ ಪಕ್ಕದಲ್ಲಿ ಬರೆಯಿರಿ.

ತೀವ್ರ ನೋವು, ತಲೆನೋವಿನೊಂದಿಗೆ ವಾಂತಿ, ಕೆಂಪೇರುವುದು, ನೋಟ ಒಮ್ಮೆಲೇ ಮಸುಕಾಗುವುದು, ಕಣ್ಣೊಳಗೆ ರಕ್ತ ಕಾಣುವುದು, ಮಿಂಚು ಮತ್ತು ಪರದೆಯಂಥ ಕಪ್ಪು ಇವು ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು. ಮೊದಲನೆಯ ಎರಡು ಒತ್ತಡ ಏರಿದ್ದನ್ನು ಸೂಚಿಸಬಹುದು, ನೋವಿನ ಜೊತೆ ನೋಟವೂ ಕುಸಿಯುತ್ತಿದ್ದರೆ ಸೋಂಕಿನ ಸಂಶಯ ಬರುತ್ತದೆ. ನಿಧಾನವಾಗಿ ಬರುವ ತೊಂದರೆಗಳು ರೋಗಿಗೆ ತಿಳಿಯುವುದಿಲ್ಲ: ಐರಿಸ್ಸಿನ ಬಣ್ಣ ಉದುರುವುದು, ಒತ್ತಡ ಮೆಲ್ಲಗೆ ಏರುವುದು, ಲೆನ್ಸ್ ಒಂದು ಬದಿಗೆ ಜಾರುವುದು. ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆಯಾದರೂ ಕಣ್ಣು ನೋಡುವ ಸೂಕ್ಷ್ಮದರ್ಶಕವಾದ ಸ್ಲಿಟ್‌ಲ್ಯಾಂಪಿನಲ್ಲಿ ತೋರಿಸಿಕೊಳ್ಳಬೇಕಾದದ್ದು ಇದಕ್ಕಾಗಿ. ನೆರಳು ಹೋಗದೆ ಉಳಿದರೆ, ಅಥವಾ ಬಣ್ಣ ಉದುರತೊಡಗಿದರೆ, ಎರಡನೆಯ ಲೆನ್ಸನ್ನು ತೆಗೆಯಬಹುದು. ಅದು ಯಾವುದಕ್ಕೂ ಅಂಟಿಕೊಂಡಿರುವುದಿಲ್ಲವಾದ್ದರಿಂದ, ಚೀಲದೊಳಗಿನದನ್ನು ಬಿಡಿಸುವಷ್ಟು ಕಷ್ಟವಿಲ್ಲ.

ಇನ್ನೊಂದು ಕಣ್ಣಿಗೂ ಪೊರೆ ಇದ್ದರೆ

ಒಂದು ಕಣ್ಣಿನಲ್ಲಿ ನೆರಳು ಕಂಡವರು ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೆದರಿ ವರ್ಷಗಟ್ಟಲೆ ಮುಂದೂಡುತ್ತಾರೆ. ಹಾಗೆ ಮಾಡಬೇಕಿಲ್ಲ, ಆದರೆ ಲೆನ್ಸ್ ಆರಿಸುವ ಮೊದಲೇ ವೈದ್ಯರಿಗೆ ವಿಷಯ ತಿಳಿದಿರಬೇಕು. ಆಗ ಅವರ ಕೈಯಲ್ಲಿ ಕೆಲವು ಆಯ್ಕೆಗಳಿರುತ್ತವೆ. ಲೆನ್ಸಿನ ಕಾಲು ಸೇರುವ ಜಾಗ ಕಿವಿ-ಮೂಗಿನ ಅಡ್ಡ ದಿಕ್ಕಿಗೆ ಬರುವಂತೆ ಕೂರಿಸಬಹುದು, ಇದರಿಂದ ಮೊದಲ ದಿನಗಳ ನೆರಳು ಕಡಿಮೆಯಾಗುವುದು ಕಂಡುಬಂದಿದೆ. 6ರ ಬದಲು 7 ಮಿಲಿಮೀಟರ್ ಅಗಲದ ದೃಷ್ಟಿಭಾಗವಿರುವ ಲೆನ್ಸ್ ಆರಿಸಬಹುದು. ತೆರಪಿನ ಅಂಚನ್ನು ತನ್ನ ಅಂಚಿನ ಕಾಲುವೆಯಲ್ಲಿ ಹಿಡಿದುಕೊಳ್ಳುವಂತೆ, ಮ್ಯಾಸ್ಕೆಟ್ ಅವರ ಯೋಚನೆಯಿಂದ ಮೂಡಿದ ಮೋರ್ಚರ್ (Morcher) ಕಂಪನಿಯ ಲೆನ್ಸಿನಂಥವನ್ನು ವಿಚಾರಿಸಬಹುದು. ಇಲ್ಲವೇ ಚೀಲ ಇನ್ನೂ ಅಂಟಿಲ್ಲದ ಅದೇ ದಿನ, ಅದೇ ಮೇಜಿನ ಮೇಲೆ, ದೃಷ್ಟಿಭಾಗವನ್ನು ಕಾಜದಿಂದ ಹೊರತರುವ ವಿಧಾನವನ್ನು ಬಳಸಬಹುದು. ಮೊದಲ ಕಣ್ಣಿಗೆ ಹಾಕಿದ ಲೆನ್ಸುಗಳ ಚೀಟಿಗಳನ್ನು, ಎರಡಿದ್ದರೆ ಎರಡನ್ನೂ, ಆ ಭೇಟಿಗೆ ಮರೆಯದೆ ಒಯ್ಯಿರಿ. ಲೆನ್ಸಿನ ಮಾದರಿ, ಪವರ್, ಕ್ರಮಸಂಖ್ಯೆ ಇರುವುದು ಅದರಲ್ಲಿಯೇ.